ಸೈಕಲ್‌ಗೂ ಲೈಸೆನ್ಸ್ ಬೇಕಾ? ಕಾನೂನಿನಲ್ಲಿ ಏನಿದೆ, ನಮ್ಮ ತಾಲ್ಲೂಕಿಗೆ ಏನು ಬೇಕು

ಮೊಳಕಾಲ್ಮೂರು: ಸಂಜೆ ಶಾಲೆ ಬಿಡೋ ಹೊತ್ತಿಗೆ ಪೇಟೆ ಬೀದಿಯ ಯಾವುದೇ ಅಂಗಡಿ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. "ಈ ಸೈಕಲ್ ಹುಡುಗ್ರಿಗೆ ಹೇಳೋರು ಕೇಳೋರು ಯಾರೂ ಇಲ್ಲ. ಬೈಕಿಗೆ ಲೈಸೆನ್ಸ್ ಕೇಳ್ತಾರೆ, ಹೆಲ್ಮೆಟ್ ಕೇಳ್ತಾರೆ, ಇವ್ರಿಗೆ ಏನೂ ಇಲ್ಲ." ಮೂರು ಜನ ಅಡ್ಡಡ್ಡ ಸಾಲಾಗಿ ಹೋಗೋದು, ಕೈ ತೋರಿಸದೆ ಬಲಕ್ಕೆ ತಿರುಗೋದು, ರಾಂಗ್ ಸೈಡಲ್ಲಿ ಬಂದು ಎದುರಿಗೆ ನಿಲ್ಲೋದು, ಇದನ್ನೆಲ್ಲ ದಿನಾ ನೋಡುವ ಅಂಗಡಿಯವರಿಗೆ ಸಿಟ್ಟು ಬರೋದು ಸಹಜ. ಬೈಕ್ ಸವಾರನೊಬ್ಬ ಸೈಕಲ್ ತಪ್ಪಿಸಲು ಹೋಗಿ ಬಿದ್ದರೆ ಆ ಸಿಟ್ಟು ಇನ್ನೂ ಜಾಸ್ತಿ.

ಹಾಗಾದರೆ ಸೈಕಲ್ ತುಳಿಯುವವರಿಗೂ ತರಬೇತಿ, ಪರೀಕ್ಷೆ, ಲೈಸೆನ್ಸ್ ಬೇಕೇ? ಇದು ಬರೀ ಕಟ್ಟೆ ಮಾತಲ್ಲ. ಸೈಕಲ್ ಸವಾರರು ಮತ್ತು ಪಾದಚಾರಿಗಳ ರಸ್ತೆ ಬಳಕೆ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ಆ ಅಧಿಕಾರ ಬಳಸಿ ಆರು ತಿಂಗಳೊಳಗೆ ನಿಯಮ ರೂಪಿಸಿ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಹೀಗಾಗಿ ಸೈಕಲ್ ಸವಾರನಿಗೆ ಏನು ನಿಯಮ ಇರಬೇಕು ಅನ್ನೋದು ಈಗ ಕಾಗದದ ಮೇಲೆ ಬರಬೇಕಾದ ವಿಷಯ.

ಕಾನೂನಿನಲ್ಲಿ ಈಗ ಏನಿದೆ

ಮೊದಲು ಲೈಸೆನ್ಸ್ ವಿಚಾರ. 1988ರ ಮೋಟಾರು ವಾಹನ ಕಾಯ್ದೆಯ 3ನೇ ಕಲಂ ಪ್ರಕಾರ ಲೈಸೆನ್ಸ್ ಬೇಕಾಗಿರೋದು ಮೋಟಾರು ವಾಹನ ಓಡಿಸುವವರಿಗೆ. ಯಂತ್ರದ ಶಕ್ತಿಯಿಂದ ಓಡುವ ವಾಹನ ಮಾತ್ರ ಮೋಟಾರು ವಾಹನ. ಕಾಲಿನಿಂದ ತುಳಿಯುವ ಸೈಕಲ್ ಆ ಲೆಕ್ಕಕ್ಕೇ ಬರಲ್ಲ. ಅದಕ್ಕೆ ನೋಂದಣಿ ಇಲ್ಲ, ವಿಮೆ ಕಡ್ಡಾಯವಿಲ್ಲ, ವಯಸ್ಸಿನ ಮಿತಿ ಇಲ್ಲ. ಹೆಲ್ಮೆಟ್ ಕಡ್ಡಾಯ ಮಾಡುವ 129ನೇ ಕಲಂ ಕೂಡ ಬೈಕ್, ಸ್ಕೂಟರ್‌ಗಳಿಗೆ ಮಾತ್ರ.

ಹಾಗಂತ ಸೈಕಲ್‌ನವರು ಕಾನೂನಿನ ಹೊರಗಿದ್ದಾರೆ ಅಂದುಕೊಂಡರೆ ತಪ್ಪು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಇದೆ. ಸಾರ್ವಜನಿಕ ರಸ್ತೆಯಲ್ಲಿ ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಯಾವುದೇ ವಾಹನ ಓಡಿಸಿದರೂ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಲ್ಲಿ ಕಾಯ್ದೆ ಬಳಸಿರೋ ಪದ 'ಯಾವುದೇ ವಾಹನ', ಮೋಟಾರು ವಾಹನ ಅಂತಲ್ಲ. ಹಳೆಯ ಐಪಿಸಿಯ 279ನೇ ಕಲಂನಲ್ಲೂ ಇದೇ ಇತ್ತು. ಸೈಕಲ್‌ನಲ್ಲಿ ಜೋರಾಗಿ ಬಂದು ಅಜ್ಜಿಯೊಬ್ಬರನ್ನು ಕೆಡವಿ ಸೊಂಟ ಮುರಿದರೆ ಕೇಸ್ ಹಾಕಲು ಕಾನೂನು ಇದೆ ಅಂತಲೇ ಅರ್ಥ.

ಅಂಗಡಿಯವರಿಗೆ ಕಹಿ ಅನಿಸಬಹುದಾದ ಇನ್ನೊಂದು ಮಾತೂ ಇದೇ ಸಂಹಿತೆಯಲ್ಲಿದೆ. 285ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದರೆ ಐದು ಸಾವಿರ ರೂಪಾಯಿವರೆಗೆ ದಂಡ. ಹಿಂದೆ ಇದು ಬರೀ 200 ರೂಪಾಯಿ ಇತ್ತು. ಅಂಗಡಿ ಮುಂದಿನ ಬೋರ್ಡು, ರಸ್ತೆಗೆ ಇಳಿಸಿದ ಮೂಟೆ, ಅಡ್ಡ ನಿಲ್ಲಿಸಿದ ಗೂಡ್ಸ್ ಆಟೋ, ಇವೆಲ್ಲ ಸೈಕಲ್ ಸವಾರನನ್ನು ರಸ್ತೆ ಅಂಚಿನಿಂದ ನಡುವಿಗೆ ತಳ್ಳುತ್ತವೆ. ಅವನು ರಸ್ತೆ ಮಧ್ಯೆ ಯಾಕೆ ಬಂದ ಅಂತ ಕೇಳುವ ಮುಂಚೆ ಅಂಚಿನಲ್ಲಿ ಜಾಗ ಇತ್ತಾ ಅಂತಲೂ ನೋಡಬೇಕಲ್ಲ.

ಸೈಕಲ್‌ಗೆ 'ಲೈಸೆನ್ಸ್' ಇದ್ದ ಕಾಲ

ಊರಿನ ಹಿರಿಯರು ಈ ಚರ್ಚೆ ಕೇಳಿ ನಗಬಹುದು. ಯಾಕಂದ್ರೆ ಅವರ ಕಾಲದಲ್ಲಿ ಸೈಕಲ್‌ಗೆ ಲೈಸೆನ್ಸ್ ಇತ್ತು! ಪುರಸಭೆ, ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ದುಡ್ಡು ಕಟ್ಟಿದರೆ ಸಣ್ಣದೊಂದು ಲೋಹದ ಬಿಲ್ಲೆ ಕೊಡೋರು. ಅದನ್ನು ಸೈಕಲ್‌ಗೆ ಬಿಗಿದಿರಬೇಕಿತ್ತು. ಬಿಲ್ಲೆ ಇಲ್ಲದೆ ಸಿಕ್ಕಿಬಿದ್ದರೆ ಸೈಕಲ್ ಅಲ್ಲೇ ನಿಲ್ಲುತ್ತಿತ್ತು. ರಾತ್ರಿ ದೀಪ ಇಲ್ಲದೆ ಹೋದರೆ, ಡಬಲ್ ರೈಡಿಂಗ್ ಮಾಡಿದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದ ಕಥೆಗಳು ಆ ತಲೆಮಾರಿನ ಎಲ್ಲರ ಬಳಿಯೂ ಇವೆ. ಡೈನಮೋ ಇಲ್ಲದವರು ಕೈಯಲ್ಲಿ ಟಾರ್ಚ್ ಹಿಡಿದು ಹೋಗುತ್ತಿದ್ದರು.

ಆದರೆ ಆ ಬಿಲ್ಲೆ ಏನು ಅನ್ನೋದನ್ನ ಸರಿಯಾಗಿ ತಿಳಿದುಕೊಳ್ಳಬೇಕು. ಅದು ಸೈಕಲ್ ಮೇಲಿನ ತೆರಿಗೆ ಕಟ್ಟಿದ ಗುರುತು, ಸವಾರನಿಗೆ ಕೊಟ್ಟ ಲೈಸೆನ್ಸ್ ಅಲ್ಲ. ಸವಾರನಿಗೆ ಸೈಕಲ್ ತುಳಿಯಲು ಬರುತ್ತಾ, ರಸ್ತೆ ನಿಯಮ ಗೊತ್ತಾ ಅಂತ ಬಿಲ್ಲೆ ಕೊಡುವಾಗ ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಒಂದು ಸೈಕಲ್ ಇದ್ದರೆ ಅಪ್ಪ, ಮಗ, ಅಳಿಯ ಎಲ್ಲರೂ ಅದೇ ಬಿಲ್ಲೆ ಮೇಲೆ ಓಡಾಡುತ್ತಿದ್ದರು. ಬಿಲ್ಲೆ ಮಾಡಿಸುವ ಖರ್ಚು, ವಸೂಲಿ ಮಾಡುವ ಸಿಬ್ಬಂದಿ, ಬರುವ ಪುಡಿಗಾಸು, ಎಲ್ಲ ಕೂಡಿಸಿ ಕಳೆದರೆ ಉಳಿಯೋದು ಕಡಿಮೆ. ಪದ್ಧತಿ ತಾನಾಗೇ ಮರೆಯಾಯಿತು. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಕೆನಡಾದ ಟೊರಾಂಟೊ ನಗರ 1935ರಲ್ಲಿ ತಂದ ಸೈಕಲ್ ಲೈಸೆನ್ಸನ್ನು 1950ರ ದಶಕದಲ್ಲಿ ಕೈಬಿಟ್ಟಿತು. ಸ್ವಿಟ್ಜರ್‌ಲೆಂಡ್ ಸೈಕಲ್‌ಗಳಿಗೆ ಕಡ್ಡಾಯವಾಗಿದ್ದ ವಿಮೆಯ ಚೀಟಿಯನ್ನು 2012ರಲ್ಲಿ ತೆಗೆದುಹಾಕಿತು.

ಸೈಕಲ್ ಕೊಟ್ಟರು, ರಸ್ತೆ ಪಾಠ?

ಕರ್ನಾಟಕದ ಹಳ್ಳಿ ರಸ್ತೆಗಳಲ್ಲಿ ಮಕ್ಕಳ ಸೈಕಲ್‌ಗಳು ತುಂಬಿದ್ದು 2006-07ರ ನಂತರ. ಆ ವರ್ಷ ಸರ್ಕಾರ ಎಂಟನೇ ತರಗತಿ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಆಮೇಲೆ ಗಂಡುಮಕ್ಕಳಿಗೂ ವಿಸ್ತರಿಸಿತು. ಪ್ರೌಢಶಾಲೆ ಮೂರ್ನಾಲ್ಕು ಕಿಲೋಮೀಟರ್ ದೂರ ಇದೆ ಅನ್ನೋ ಒಂದೇ ಕಾರಣಕ್ಕೆ ಏಳನೇ ಕ್ಲಾಸಿಗೇ ಬಿಡಿಸುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್‌ನಿಂದ ಎಸ್ಸೆಸ್ಸೆಲ್ಸಿ ಮುಟ್ಟಿದರು. ದಿನಕ್ಕೆರಡೇ ಬಸ್ಸು ಬರುವ, ಅದೂ ಸ್ಕೂಲ್ ಟೈಮಿಗೆ ಸರಿಯಾಗಿ ಬಾರದ ಹಳ್ಳಿಗಳಲ್ಲಿ ಅದರ ಬೆಲೆ ಏನು ಅಂತ ತಾಯಂದಿರನ್ನ ಕೇಳಬೇಕು. ಕೋವಿಡ್ ಬಂದ ಮೇಲೆ 2020-21ರಿಂದ ಸೈಕಲ್ ವಿತರಣೆ ನಿಂತಿತು.

ಒಳ್ಳೆ ಯೋಜನೆಯೇ. ಆದರೆ ಹದಿಮೂರು ವರ್ಷದ ಮಗುವಿನ ಕೈಗೆ ಸೈಕಲ್ ಕೊಟ್ಟು ರಸ್ತೆಗೆ ಕಳಿಸುವಾಗ ಸವಾರಿ ಪರೀಕ್ಷೆಯಾಗಲಿ, ತರಬೇತಿ ಪ್ರಮಾಣಪತ್ರವಾಗಲಿ ಯೋಜನೆಯ ಷರತ್ತಾಗಿರಲಿಲ್ಲ. ಮಕ್ಕಳು ಕಲಿತಿದ್ದು ಹೇಗೆ? ಅಪ್ಪನ ದೊಡ್ಡ ಸೈಕಲ್‌ನ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು, ಮೊಣಕಾಲು ಕೆತ್ತಿಸಿಕೊಂಡು. ಹೀಗೆ ಕಲಿತವರಿಗೆ ಬ್ಯಾಲೆನ್ಸ್ ಚೆನ್ನಾಗಿ ಬರುತ್ತೆ, ಅದರಲ್ಲಿ ಅನುಮಾನ ಬೇಡ. ಬಾರದೆ ಇರೋದು ರಸ್ತೆ ಓದೋದು. ಸೈಕಲ್ ತುಳಿಯೋದು ಬೇರೆ, ರಸ್ತೆಯಲ್ಲಿ ಸೈಕಲ್ ತುಳಿಯೋದು ಬೇರೆ.

ಇದೇ ಮಾತನ್ನು ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆ ಇನ್ನೊಂದು ರೀತಿಯಲ್ಲಿ ತೋರಿಸಿದೆ. 1990ರ ದಶಕದ ಶುರುವಿನಲ್ಲಿ ಅಲ್ಲಿನ 'ಅರಿವೊಳಿ' ಸಾಕ್ಷರತಾ ಆಂದೋಲನದಲ್ಲಿ ಅಕ್ಷರದ ಜೊತೆಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಆಗ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್. ಹೊಲದ ಕೆಲಸದವರು, ಕ್ವಾರಿ ಕೆಲಸದವರು, ಅಂಗನವಾಡಿಯವರು ಸೇರಿ ಲಕ್ಷದಷ್ಟು ಹೆಂಗಸರು ಸೈಕಲ್ ಕಲಿತರು. ಅಲ್ಲಿ ತರಬೇತಿ ಇತ್ತು, ಶಿಬಿರ ಇತ್ತು, ಪಾಸು-ಫೇಲು ಇರಲಿಲ್ಲ. ಪರೀಕ್ಷೆ ಪಾಸಾದವರು ಮಾತ್ರ ತುಳಿಯಬೇಕು ಅಂತ ಅಂದು ಹೇಳಿದ್ದರೆ ಆ ಹೆಂಗಸರಲ್ಲಿ ಎಷ್ಟು ಮಂದಿ ಸೈಕಲ್ ಹತ್ತಿರ ಬರುತ್ತಿದ್ದರು?

ಲೈಸೆನ್ಸ್ ತಂದರೆ ಯಾರಿಗೆ ಹೊಡೆತ

ಮೊಳಕಾಲ್ಮೂರಿನಲ್ಲಿ ಇವತ್ತು ಸೈಕಲ್ ತುಳಿಯೋರು ಯಾರು ಅಂತ ಒಂದು ಸುತ್ತು ನೋಡಿದರೆ ಸಾಕು. ಬೈಕ್ ಕೊಳ್ಳಲು ಆಗುವವರು ಯಾವತ್ತೋ ಕೊಂಡಾಗಿದೆ. ಉಳಿದವರು ಶಾಲೆ ಮಕ್ಕಳು, ಮಗ್ಗದ ಮನೆಯಿಂದ ರೇಷ್ಮೆ ನೂಲು, ನೇಯ್ದ ಸೀರೆ ತರುವ ಒಯ್ಯುವ ವಯಸ್ಸಾದ ನೇಕಾರರು, ಹಾಲಿನವರು, ಪೇಪರ್ ಹಾಕುವ ಹುಡುಗರು, ಸೊಪ್ಪು-ತರಕಾರಿ ಮಾರುವವರು, ಹೊಲಕ್ಕೆ ಹೋಗುವ ಕೂಲಿಗಳು.

ಇವರಿಗೆ ಲೈಸೆನ್ಸ್ ಬೇಕು ಅಂದರೆ ಎಲ್ಲಿಗೆ ಹೋಗಬೇಕು? ನಮ್ಮದು ಕೆಎ-16, ಆರ್‌ಟಿಒ ಇರೋದು ಚಿತ್ರದುರ್ಗದಲ್ಲಿ. ಚಳ್ಳಕೆರೆ ದಾಟಿ ಎಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು ದಾರಿ. ಎಲ್‌ಎಲ್‌ಗೆ ಒಮ್ಮೆ, ಡಿಎಲ್‌ಗೆ ಒಮ್ಮೆ ಹೋಗಿ ಬಂದವರಿಗೆ ಗೊತ್ತು, ಬಸ್ ಚಾರ್ಜು, ಊಟ, ಅರ್ಜಿ ತುಂಬುವವರ ಫೀಸು, ಮೇಲೆ ಒಂದು ದಿನದ ಕೂಲಿ. ಮಗ್ಗ ಒಂದು ದಿನ ನಿಂತರೆ ಆ ದಿನದ ಗಳಿಕೆ ಹೋಯಿತು. ಬೈಕಿನವರು ಈ ಖರ್ಚು ತಡೆದುಕೊಳ್ಳಬಹುದು. ಹಳೇ ಸೈಕಲ್ಲಿನ ಬೆಲೆಗಿಂತ ಲೈಸೆನ್ಸ್ ಖರ್ಚೇ ಹೆಚ್ಚಾದರೆ ಅದನ್ನು ಯಾರು ಮಾಡಿಸ್ತಾರೆ? ಮಾಡಿಸದವರು ನಡೆದು ಹೋಗುತ್ತಾರೆ, ಇಲ್ಲಾಂದ್ರೆ ಕದ್ದು ತುಳಿಯುತ್ತಾರೆ. ಮಕ್ಕಳಾದರೆ ಅಣ್ಣನ ಬೈಕ್ ಹತ್ತುತ್ತಾರೆ, ಅದು ಇನ್ನೂ ಅಪಾಯ.

ಗಡಿ ಸಮಸ್ಯೆ ಬೇರೆ. ನಮ್ಮ ತಾಲ್ಲೂಕಿನ ಪೂರ್ವಕ್ಕೆ ಆಂಧ್ರದ ರಾಯದುರ್ಗ. ವ್ಯಾಪಾರ, ಆಸ್ಪತ್ರೆ, ನೆಂಟಸ್ತನ ಎಲ್ಲಕ್ಕೂ ಆಚೆ-ಈಚೆ ಓಡಾಟ ಇದ್ದದ್ದೇ. ಮೋಟಾರು ವಾಹನದ ಲೈಸೆನ್ಸ್ ಇಡೀ ದೇಶಕ್ಕೆ ಒಂದೇ. ಸೈಕಲ್ ನಿಯಮ ಮಾಡುವ ಅಧಿಕಾರ ಇರೋದು ರಾಜ್ಯಗಳಿಗೆ. ಕರ್ನಾಟಕದಲ್ಲಿ ಒಂದು ನಿಯಮ, ಆಂಧ್ರದಲ್ಲಿ ಇನ್ನೊಂದು ಆದರೆ ಗಡಿ ಹಳ್ಳಿಯ ಸೈಕಲ್ ಸವಾರ ಬೆಳಗ್ಗೆ ಕಾನೂನುಬದ್ಧ, ಮಧ್ಯಾಹ್ನ ಅಪರಾಧಿ. ಬೆಂಗಳೂರಿನಲ್ಲಿ ಕೂತು ನಿಯಮ ಬರೆಯುವವರಿಗೆ ಇದು ಹೊಳೆಯೋದು ಕಷ್ಟ.

ಸಾಯುವವರು ಯಾರು

ಇನ್ನು ಅಪಾಯದ ಲೆಕ್ಕ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ದ್ವಿಚಕ್ರ ಮೋಟಾರು ವಾಹನದವರು 74,897, ಪಾದಚಾರಿಗಳು 32,825, ಸೈಕಲ್ ಸವಾರರು 4,836. ಇವರೆಲ್ಲ ಸೈಕಲ್ ಮೇಲಿದ್ದಾಗ ಸತ್ತವರು, ಸೈಕಲ್ ಗುದ್ದಿ ಸತ್ತವರಲ್ಲ. ಲೈಸೆನ್ಸ್ ಬೇಕೋ ಬೇಡವೋ ಅನ್ನೋ ಪ್ರಶ್ನೆಗೆ ಈ ವ್ಯತ್ಯಾಸ ಬಹಳ ಮುಖ್ಯ. ಲೈಸೆನ್ಸ್ ಅನ್ನೋ ಪದ್ಧತಿ ಹುಟ್ಟಿದ್ದೇ ಬೇರೆಯವರ ಪ್ರಾಣ ತೆಗೆಯಬಲ್ಲ ಯಂತ್ರವನ್ನು ಯಾರ್ಯಾರೋ ಓಡಿಸಬಾರದು ಅಂತ.

ಸುಮ್ಮನೆ ಒಂದು ಲೆಕ್ಕ ಹಾಕಿ. ಸೈಕಲ್ ಮತ್ತು ಸವಾರ ಸೇರಿ 85 ಕೆ.ಜಿ., ವೇಗ ಗಂಟೆಗೆ 15 ಕಿ.ಮೀ. ಬೈಕ್ ಮತ್ತು ಸವಾರ ಸೇರಿ 180 ಕೆ.ಜಿ., ವೇಗ 60 ಕಿ.ಮೀ. ತೂಕ ಎರಡು ಪಟ್ಟು, ವೇಗ ನಾಲ್ಕು ಪಟ್ಟು. ಆದರೆ ಗುದ್ದುವ ಶಕ್ತಿ ವೇಗದ ವರ್ಗದಂತೆ ಏರುತ್ತೆ, ಅಂದರೆ ನಾಲ್ಕು ಪಟ್ಟು ವೇಗಕ್ಕೆ ಹದಿನಾರು ಪಟ್ಟು ಶಕ್ತಿ. ಎಲ್ಲ ಸೇರಿ ಬೈಕಿನ ಹೊಡೆತ ಸೈಕಲ್‌ನದ್ದಕ್ಕಿಂತ ಮೂವತ್ತು ಪಟ್ಟಿಗೂ ಜಾಸ್ತಿ. ಲಾರಿ ಲೆಕ್ಕ ಹಾಕೋದೇ ಬೇಡ.

ಹೀಗಾಗಿ ಲೈಸೆನ್ಸ್ ವಾದ ಗಟ್ಟಿ ನಿಲ್ಲಲ್ಲ. ತರಬೇತಿ ವಾದ ಮಾತ್ರ ಗಟ್ಟಿಯಾಗಿ ನಿಲ್ಲುತ್ತೆ. ಅದೂ ಸೈಕಲ್‌ನವರ ಜೀವ ಉಳಿಸಲಿಕ್ಕೆ.

ಹೆದ್ದಾರಿ ದಾಟುವ ಹದಿಮೂರು ಸೆಕೆಂಡ್

ನಮ್ಮ ಭಾಗದ ದೊಡ್ಡ ಅಪಾಯ ಪೇಟೆಯೊಳಗಲ್ಲ, ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ. ಬಳ್ಳಾರಿಯಿಂದ ರಾಂಪುರ, ಹಾನಗಲ್, ಬಿ.ಜಿ. ಕೆರೆ ಮೇಲೆ ಚಳ್ಳಕೆರೆ, ಹಿರಿಯೂರಿಗೆ ಹೋಗುವ ಈ ರಸ್ತೆ ಊರುಗಳನ್ನು ಸೀಳಿಕೊಂಡೇ ಹೋಗುತ್ತೆ. ಮನೆ ಒಂದು ಕಡೆ, ಹೊಲ ಅಥವಾ ಶಾಲೆ ಇನ್ನೊಂದು ಕಡೆ.

ಹದಿನೈದು ಮೀಟರ್ ಅಗಲದ ರಸ್ತೆಯನ್ನು ಸೈಕಲ್ ತಳ್ಳಿಕೊಂಡು ದಾಟಲು ಹನ್ನೆರಡು-ಹದಿಮೂರು ಸೆಕೆಂಡ್ ಬೇಕು. ಗಂಟೆಗೆ 80 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ 22 ಮೀಟರ್ ಬರುತ್ತೆ. ನೀವು ದಾಟಿ ಮುಗಿಸೋದರೊಳಗೆ ಅದು 280 ಮೀಟರ್ ಮುಂದೆ ಬಂದಿರುತ್ತೆ. ಕಡಿಮೆ ಅಂದರೂ ಮುನ್ನೂರು ಮೀಟರ್ ರಸ್ತೆ ಖಾಲಿ ಕಂಡರೆ ಮಾತ್ರ ಇಳಿಯಬೇಕು. ಚಾಲಕ ನಿಮ್ಮನ್ನು ನೋಡಿ ಬ್ರೇಕ್ ಒತ್ತುವ ಯೋಚನೆ ಮಾಡೋದಕ್ಕೇ ಒಂದೂವರೆ ಸೆಕೆಂಡ್, ಅಷ್ಟರಲ್ಲಿ 33 ಮೀಟರ್ ಹೋಯಿತು. ಬ್ರೇಕ್ ಹಿಡಿದು ನಿಲ್ಲೋದು ಆಮೇಲಿನ ಮಾತು. ಮಧ್ಯೆ ಡಿವೈಡರ್ ಇದ್ದರೆ ಎರಡು ಕಂತಿನಲ್ಲಿ ದಾಟೋದೇ ಸರಿ. ಎಂಟನೇ ಕ್ಲಾಸಿನ ಮಗುವಿಗೆ ಈ ಅಂದಾಜು ತಾನಾಗಿ ಬರಲ್ಲ. ದೂರದ ವಾಹನದ ವೇಗ ಅಳೆಯೋದರಲ್ಲಿ ಮಕ್ಕಳ ಕಣ್ಣು ದೊಡ್ಡವರಷ್ಟು ಪಕ್ವ ಆಗಿರಲ್ಲ. ಆದರೆ 'ಆ ಕಂಬದ ಹತ್ತಿರ ಲಾರಿ ಇದ್ದರೆ ಇಳೀಬೇಡ' ಅಂತ ಜಾಗದಲ್ಲೇ ನಿಲ್ಲಿಸಿ ಹೇಳಿಕೊಟ್ಟರೆ ಬರುತ್ತೆ. ಇದನ್ನು ಕಲಿಸಲು ಆರ್‌ಟಿಒ ಬೇಕಿಲ್ಲ, ಒಬ್ಬ ಪಿಇ ಮೇಷ್ಟ್ರು ಸಾಕು.

ಡಿವೈಡರ್‌ನ ತೆರಪು ದೂರ ಇದ್ದರೆ ಜನ ರಾಂಗ್ ಸೈಡಲ್ಲೇ ಬರುತ್ತಾರೆ. ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುತ್ತೆ, ಹಾಗಾಗಿ ಕ್ಷೇಮ ಅನ್ನೋ ನಂಬಿಕೆ. ಲೆಕ್ಕ ಉಲ್ಟಾ. ಹಿಂದಿನಿಂದ 80ರಲ್ಲಿ ಬರುವ ವಾಹನಕ್ಕೂ 15ರ ಸೈಕಲ್‌ಗೂ ನಡುವಿನ ವೇಗದ ಅಂತರ 65. ಎದುರುಬದುರಾದರೆ ಅದೇ 95. ಪಕ್ಕದ ಓಣಿಯಿಂದ ಹೆದ್ದಾರಿಗೆ ಬರುವವನೂ ಬಲಕ್ಕೆ ನೋಡಿಕೊಂಡು ಎಡಕ್ಕೆ ತಿರುಗುತ್ತಾನೆ, ಎಡದಿಂದ ರಾಂಗ್ ಸೈಡಲ್ಲಿ ಬರುವ ಸೈಕಲ್ ಅವನ ಕಣ್ಣಿಗೇ ಬೀಳಲ್ಲ.

ಇನ್ನೊಂದು ನಮ್ಮ ಊರಿನದೇ ವಿಶೇಷ, ಗಾಳಿ. ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತಿರೋದು ಸುಮ್ಮನೆ ಅಲ್ಲ. ಆಷಾಢದ ಗಾಳಿಯಲ್ಲಿ ಬಯಲು ರಸ್ತೆಯ ಮೇಲೆ ಸೈಕಲ್ ನೆಟ್ಟಗೆ ಹೋಗಲ್ಲ, ಪಕ್ಕಕ್ಕೆ ವಾಲುತ್ತೆ. ಆ ಹೊತ್ತಿಗೆ ಬಸ್ಸೊಂದು ಪಕ್ಕದಲ್ಲೇ ಹಾದುಹೋದರೆ ಗಾಳಿ ಒಂದು ಕ್ಷಣ ತಡೆದು ಮತ್ತೆ ಹೊಡೆಯುತ್ತೆ, ಸವಾರ ಬಸ್ಸಿನ ಕಡೆಗೇ ಎಳೆದಂತಾಗುತ್ತಾನೆ. ಹ್ಯಾಂಡಲ್‌ಗೆ ಎರಡು ಕಡೆ ಕ್ಯಾನು ನೇತುಹಾಕಿದ್ದರೆ ಮುಗಿಯಿತು. ಭಾರ ಕ್ಯಾರಿಯರ್ ಮೇಲೆ ಕಟ್ಟಬೇಕು, ಜೋರು ಗಾಳಿಯಲ್ಲಿ ಇಳಿದು ತಳ್ಳಬೇಕು. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಹರಡುವ ರಾಗಿ, ಹುರುಳಿ, ಸಜ್ಜೆ, ಅದನ್ನು ಕಾಯಲು ಇಡುವ ಕಲ್ಲು, ಇವೂ ಅಷ್ಟೇ. ಕಾರಿಗೆ ಅದು ಒಂದು ಕುಲುಕು, ಸೈಕಲ್‌ಗೆ ಜಾರುಬಂಡೆ.

ಬೇರೆ ದೇಶದವರು ಏನು ಮಾಡಿದ್ದಾರೆ

ಜನಸಂಖ್ಯೆಗಿಂತ ಸೈಕಲ್‌ಗಳೇ ಹೆಚ್ಚಿರುವ ನೆದರ್‌ಲೆಂಡ್ಸ್‌ನಲ್ಲೂ ಸೈಕಲ್‌ಗೆ ಲೈಸೆನ್ಸ್ ಇಲ್ಲ. ಆದರೆ ಪ್ರಾಥಮಿಕ ಶಾಲೆಯ ಕೊನೆಯ ವರ್ಷಗಳಲ್ಲಿ, ಹನ್ನೊಂದು-ಹನ್ನೆರಡರ ವಯಸ್ಸಿಗೆ, ಮಕ್ಕಳಿಗೆ ಸಂಚಾರ ಪರೀಕ್ಷೆ ನಡೆಯುತ್ತೆ. ಒಂದು ಬರವಣಿಗೆಯದು, ಇನ್ನೊಂದು ನಿಜವಾದ ರಸ್ತೆ ಮೇಲೆ. ಜರ್ಮನಿಯಲ್ಲಿ ನಾಲ್ಕನೇ ತರಗತಿ ಮಕ್ಕಳಿಗೆ ಪೊಲೀಸರೇ ಶಾಲೆಯ ಜೊತೆ ಸೇರಿ ಸೈಕಲ್ ಪಾಠ ಮಾಡಿ ಪರೀಕ್ಷೆ ಇಡುತ್ತಾರೆ. ಬ್ರಿಟನ್‌ನಲ್ಲಿ 1950ರ ದಶಕದಿಂದ ಶಾಲಾ ಮಕ್ಕಳಿಗೆ ಸೈಕಲ್ ಪರೀಕ್ಷೆ ಇದೆ, 2007ರಿಂದ ಅದರ ಹೆಸರು 'ಬೈಕೆಬಿಲಿಟಿ'. ಎಲ್ಲೂ ಫೇಲಾದ ಮಗುವಿನ ಸೈಕಲ್ ಕಸಿಯಲ್ಲ, ಇನ್ನೊಮ್ಮೆ ಕಲಿಸುತ್ತಾರೆ.

ಜಪಾನ್‌ನದ್ದು ಸ್ವಲ್ಪ ಬಿಗಿ. 2015ರಿಂದ ಅಲ್ಲಿ ಹದಿನಾಲ್ಕು ದಾಟಿದವರು ಮೂರು ವರ್ಷದಲ್ಲಿ ಎರಡು ಸಲ ಅಪಾಯಕಾರಿಯಾಗಿ ಸೈಕಲ್ ಓಡಿಸಿ ಸಿಕ್ಕಿಬಿದ್ದರೆ ತರಬೇತಿ ತರಗತಿಗೆ ಹೋಗಲೇಬೇಕು, ತಪ್ಪಿಸಿದರೆ ದಂಡ. ಅಂದರೆ ಎಲ್ಲರಿಗೂ ಪರೀಕ್ಷೆ ಅಲ್ಲ, ತಪ್ಪು ಮಾಡಿದವರಿಗೆ ಪಾಠ. ಜರ್ಮನಿ ಇನ್ನೊಂದು ಕಡೆಯಿಂದಲೂ ಬಿಗಿ ಮಾಡಿತು. 2020ರಿಂದ ಅಲ್ಲಿ ಸೈಕಲ್ ಹಿಂದಿಕ್ಕುವ ಮೋಟಾರು ವಾಹನ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಅಂತರ ಬಿಡಬೇಕು. ನಮ್ಮ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯೂ ಪಾದಚಾರಿ, ಸೈಕಲ್ ಸವಾರರಂಥವರ ಬಗ್ಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕು ಅನ್ನುತ್ತೆ. ಡಿಎಲ್ ಇರುವ ಎಷ್ಟು ಜನ ಅದನ್ನು ಓದಿದ್ದಾರೆ ಅನ್ನೋದು ಬೇರೆ ಮಾತು.

ಇಲ್ಲಿ ಮಾಡಲು ಹೊಸ ಇಲಾಖೆ ಬೇಡ. ಪ್ರತಿ ಜನವರಿಯಲ್ಲಿ ರಸ್ತೆ ಸುರಕ್ಷತೆ ಆಚರಣೆ ಇದ್ದೇ ಇದೆ. ಪೊಲೀಸ್ ಠಾಣೆಗೆ ಮಕ್ಕಳನ್ನು ಕರೆಸುವ 'ತೆರೆದ ಮನೆ' ಕಾರ್ಯಕ್ರಮವೂ ಇದೆ. ಬ್ಯಾನರ್ ಹಿಡಿದು ಜಾಥಾ ಮಾಡುವ ಬದಲು ಶಾಲೆ ಮೈದಾನದಲ್ಲಿ ಸುಣ್ಣದಲ್ಲಿ ರಸ್ತೆ, ಕ್ರಾಸ್ ಬರೆದು ಎರಡು ಗಂಟೆ ಸೈಕಲ್ ಓಡಿಸಿಸಿದರೆ ಹೆಚ್ಚು ಉಪಯೋಗ. ಎಡಗಡೆ ಒಬ್ಬರ ಹಿಂದೆ ಒಬ್ಬರು ಹೋಗೋದು, ತಿರುಗುವ ಮುಂಚೆ ಹಿಂದೆ ನೋಡಿ ಕೈ ತೋರಿಸೋದು, ಎರಡೂ ಬ್ರೇಕ್ ಒಟ್ಟಿಗೆ ಹಿಡಿಯೋದು, ನಿಂತ ಆಟೋದ ಬಾಗಿಲಿನಿಂದ ದೂರ ಇರೋದು. ಕೈ ತೋರಿಸುವಾಗ ಒಂದೇ ಕೈಯಲ್ಲಿ ನೆಟ್ಟಗೆ ಹೋಗಲು ಬರಬೇಕು, ಬಹಳ ಮಕ್ಕಳು ಎಡವೋದು ಅಲ್ಲೇ. ಜೊತೆಗೆ ಸೈಕಲ್ ಅಂಗಡಿಯವರು ಒಂದು ದಿನ ಬಂದು ಬ್ರೇಕ್ ರಬ್ಬರ್, ಬೆಲ್ಲು, ಹಿಂದಿನ ಕೆಂಪು ರಿಫ್ಲೆಕ್ಟರ್ ನೋಡಿಕೊಟ್ಟರೆ ಆಯಿತು. ಮುಸ್ಸಂಜೆಯಲ್ಲಿ ಹಿಂದಿನಿಂದ ಗುದ್ದಿಸಿಕೊಳ್ಳೋದನ್ನು ತಪ್ಪಿಸಲು ಹೊಳೆಯುವ ಟೇಪ್ ತುಂಡಿಗಿಂತ ಅಗ್ಗದ ಉಪಾಯ ಇಲ್ಲ.

ಬ್ಯಾಟರಿ ಗಾಡಿ: ಇಲ್ಲಿ ಮಾತ್ರ ಹುಷಾರ್

'ಲೈಸೆನ್ಸ್ ಬೇಡ, ನೋಂದಣಿ ಬೇಡ' ಅಂತ ಮಾರುವ ಎಲೆಕ್ಟ್ರಿಕ್ ಸೈಕಲ್, ಸ್ಕೂಟರ್‌ಗಳ ವಿಷಯ ಪೂರ್ತಿ ಬೇರೆ. ಈ ವಿನಾಯಿತಿ ಸಿಗೋದು ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗಿದ್ದು, ಅಧಿಕೃತ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಇದ್ದಾಗ ಮಾತ್ರ. ವೇಗದ ತಡೆ ತೆಗೆಸಿ 40ರಲ್ಲಿ ಓಡಿಸಿದರೆ ಅದು ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನ. ನೋಂದಣಿ, ವಿಮೆ, ಲೈಸೆನ್ಸ್ ಮೂರೂ ಬೇಕು.

ಹದಿನೆಂಟು ತುಂಬದ ಹುಡುಗ ಅಂಥ ಗಾಡಿ ಓಡಿಸಿ ಅಪಘಾತವಾದರೆ 199ಎ ಕಲಂ ಬರುತ್ತೆ. ತಂದೆ-ತಾಯಿ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹುಡುಗನಿಗೆ 25 ವರ್ಷ ಆಗುವವರೆಗೂ ಲೈಸೆನ್ಸ್ ಇಲ್ಲ. ವಿಮೆ ಇಲ್ಲದ ಗಾಡಿ ಗುದ್ದಿದರೆ ಪರಿಹಾರದ ಹಣ ಮಾಲೀಕರೇ ಕೈಯಿಂದ ಕೊಡಬೇಕು. ಡೆಲಿವರಿಗೆ ಅಂತ ಇಂಥ ಗಾಡಿ ಕೊಂಡು ಹುಡುಗರ ಕೈಗೆ ಕೊಡುವ ಅಂಗಡಿಯವರು ಕೊಳ್ಳುವಾಗಲೇ ಆ ಪ್ರಮಾಣಪತ್ರದ ನಕಲು ಕೇಳಿ ಇಟ್ಟುಕೊಳ್ಳುವುದು ಕ್ಷೇಮ.

ಸೈಕಲ್ ಸವಾರನಿಗೆ ಮೋಟಾರು ವಾಹನ ಗುದ್ದಿದರೆ

ಸೈಕಲ್‌ಗೆ ವಿಮೆ ಇಲ್ಲ, ಹಾಗಾಗಿ ಏನೂ ಸಿಗಲ್ಲ ಅಂತ ಬಹಳ ಜನ ಸುಮ್ಮನಾಗುತ್ತಾರೆ. ಹಾಗಲ್ಲ. ಗುದ್ದಿದ ವಾಹನದ ವಿಮೆಯಿಂದ ಪರಿಹಾರ ಕೇಳಬಹುದು. ಗುದ್ದಿ ಪರಾರಿಯಾದ ವಾಹನ ಸಿಗದೇ ಹೋದರೂ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. ಅರ್ಜಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದ ವಿಚಾರಣಾಧಿಕಾರಿಗೆ ಹೋಗಬೇಕು. 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಚಿಕಿತ್ಸಾ ಯೋಜನೆ ಪ್ರಕಾರ ಮೋಟಾರು ವಾಹನದಿಂದ ಆದ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನಕ್ಕೆ ಒಂದೂವರೆ ಲಕ್ಷದವರೆಗೆ ಚಿಕಿತ್ಸೆ. ಪರಿಹಾರ ಕೇಳಲು ಠಾಣೆಯಲ್ಲಿ ದೂರು ದಾಖಲಾಗಿರುವುದು ಮುಖ್ಯ. 'ಸೈಕಲ್ ತಾನೇ' ಅಂತ ರಸ್ತೆಯಲ್ಲೇ ರಾಜಿ ಮಾಡಿಕೊಂಡವರು ಆಮೇಲೆ ಎಲ್ಲ ಕಳೆದುಕೊಳ್ಳುತ್ತಾರೆ.

ಇನ್ನು ರಾಜ್ಯದ ನಿಯಮದ ಮಾತು. ಮೋಟಾರು ವಾಹನ ಕಾಯ್ದೆಯಡಿ ಯಾವ ನಿಯಮ ಮಾಡಬೇಕಾದರೂ ಮೊದಲು ಕರಡು ಪ್ರಕಟಿಸಬೇಕು ಎಂದು 212ನೇ ಕಲಂ ಹೇಳುತ್ತೆ. ಸೈಕಲ್ ಸವಾರರ ನಿಯಮಕ್ಕೂ ಇದೇ ದಾರಿ. ರಾಜ್ಯಪತ್ರದಲ್ಲಿ ಕರಡು ಬಂದಾಗ ಕೊಟ್ಟ ಗಡುವಿನೊಳಗೆ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಕಳಿಸಬಹುದು. ವಕೀಲರು ಬೇಕಿಲ್ಲ, ಸ್ಟಾಂಪ್ ಪೇಪರ್ ಬೇಕಿಲ್ಲ, ಕನ್ನಡದಲ್ಲಿ ಬರೆದು ಸಹಿ ಹಾಕಿದ ಒಂದು ಹಾಳೆ ಸಾಕು. ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿ, ಎಸ್‌ಡಿಎಂಸಿ, ವರ್ತಕರ ಸಂಘಗಳು ಠರಾವು ಮಾಡಿಯೂ ಕಳಿಸಬಹುದು. ಹಾನಗಲ್ ಕ್ರಾಸ್‌ನಲ್ಲಿ ಮಕ್ಕಳು ಎಷ್ಟು ಹೊತ್ತು ಕಾಯುತ್ತಾರೆ, ಎಲ್ಲಿ ದೀಪ ಇಲ್ಲ, ಎಲ್ಲಿ ಡಿವೈಡರ್ ತೆರಪು ದೂರ ಇದೆ ಅನ್ನೋದನ್ನು ಆ ಹಾಳೆಯಲ್ಲಿ ಬರೆಯಬಲ್ಲವರು ಇಲ್ಲಿಯವರೇ.